ದೊಡವಾಡ ಬಸ್ಸಿನ ಮೊದಲ ಕೂಗು

೧

ಕಥೆ ಎಲ್ಲಿಂದ ಶುರು ಮಾಡಲಿ? ಬಸ್ ಬಂದಾಗಲೋ, ಬಿಟ್ಟ ಮೇಲೋ? ಮೂವತ್ತೊಂದು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ರಿಟೈರ್ ಆದ ಕಂಟ್ರೋಲರ್ ಸೋಮಪ್ಪನನ್ನು ಕೇಳಿದೆ. "ಬಸ್ ಬಿಡೂಕಿಂತ ಹದಿನೈದ ಮಿನಿಟ್ ಮೊದಲ ಶುರು ಮಾಡ್ರಿ" ಅಂದ.

(ಯಾವ ಊರಿನ ಸ್ಟ್ಯಾಂಡು ಅಂತ ಕೇಳಬೇಡಿ. ಬೈಲಹೊಂಗಲದವರು ತಮ್ಮದೇ ಅಂತಾರೆ, ಸವದತ್ತಿಯವರೂ ತಮ್ಮದೇ ಅಂತಾರೆ.)

೨

ಮೊದಲ ಕರಡು: "ಸೋಮಪ್ಪನ ಕಣ್ಣಂಚಿನಲ್ಲಿ ನೀರು..." ಹರಿದು ಹಾಕಿದೆ. ಹರಿಸಿದವನು ಸೋಮಪ್ಪನೇ.

"ನನ್ನ ಕಣ್ಣೀರು ನೀವ್ಯಾಕ ಸುರಸ್ತೀರಿ ಸಾಹೇಬ್ರ? ಚಾ ಕುಡಸ್ರಿ, ಹೇಳತೇನಿ."

ಅವನ ಕಾಲದಲ್ಲಿ ಒಂದೊಂದು ಬಸ್ಸಿಗೆ ಮೂರು ಕೂಗು. ಮೊದಲನೆಯದು ಇನ್ನೂ ಪೇಟೆಯಲ್ಲಿ ಇದ್ದವರಿಗೆ. ಎರಡನೆಯದು ಬಸ್ ಬಂದು ನಿಂತಾಗ, ಗಂಟು ಕಟ್ಟುವವರಿಗೆ. ಮೂರನೆಯದು ಡ್ರೈವರ್ ಚಾ ಮುಗಿಸಿ ಎದ್ದಾಗ: "ಹಿರ್ಯಾರು ಸಾವಕಾಶ ಹತ್ರಿ, ನಿಮ್ಮನ್ನ ಬಿಟ್ಟು ಹೋಗೂದಿಲ್ಲ." ಈ ಮಾತು ಯಾವ ರೂಲಿನಲ್ಲೂ ಇರಲಿಲ್ಲ. ಅವನು ಮೈಕಿಗೆ ಫೂ ಎಂದು ಊದಿದರೆ ಸಾಕು, ಕಿರಾಣಿ ಅಂಗಡಿಯಲ್ಲಿ ನಿಂತವರು "ಲಗೂನ ಕಟ್ರಿ, ಸೋಮಪ್ಪ ಊದಿದ" ಅನ್ನುತ್ತಿದ್ದರು.

(ಆಗ ಎಲ್ಲ ಚಂದ ಇತ್ತು ಅನ್ನುತ್ತಿಲ್ಲ. ಆ ಮೈಕು ಮಳೆಗಾಲದಲ್ಲಿ ಶಾಕ್ ಹೊಡೆಯುತ್ತಿತ್ತು.)

೩

ಈಗ ರೆಕಾರ್ಡಿಂಗ್. ನುಣುಪಾದ ಹೆಣ್ಣುದನಿ, ಬಸ್ ಬಿಡುವ ಎರಡು ನಿಮಿಷ ಮೊದಲು, ಒಂದೇ ಸಲ. ತಪ್ಪೇನಿಲ್ಲ.

ದೊಡವಾಡದ ದೇವಕ್ಕ ಬೆಂಚಿನ ಮೇಲಿದ್ದಾಳೆ. ಅವಳ ಎಮ್ಮೆ ಎರಡು ದಿನದಿಂದ ಮೇಲೆದ್ದಿಲ್ಲ. ದನದ ಡಾಕ್ಟರು ಕೊಟ್ಟ ಔಷಧದ ಬಾಟಲಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದಾಳೆ. ಅದು ಥಂಡ ಇರಬೇಕು, ಮಧ್ಯಾಹ್ನದೊಳಗೆ ಎಮ್ಮೆಗೆ ಚುಚ್ಚಬೇಕು. ಮುಂದಿನ ಬಸ್ ಮೂರೂವರೆಗೆ.

ಸ್ಪೀಕರ್ ದೊಡವಾಡ ಬಸ್ಸು ಅಂತ ಕೂಗಿತು. ದೇವಕ್ಕ ಎದ್ದಳು. ಹೊರಟಿದ್ದು ಗೇಟಿನ ಕಡೆಗೆ!

"ಎಲ್ಲಿಗವಾ ತಂಗಿ? ಬಸ್ ಹೊಂಟೈತಿ!" ಎಂದ, ನನ್ನ ಪಕ್ಕ ಚಾ ಕುಡಿಯುತ್ತಿದ್ದ ಸೋಮಪ್ಪ.

"ಬರ್ಫ್ ತರತೇನ್ರೀ ಯಣ್ಣಾ. ಇನ್ನೂ ಎರಡ ಸಲ ಕೂಗಬೇಕಲಾ! ಕಲಿಸಿದಾವ್ರ ನೀವು, ಈಗ ನೀವ ಅವಸರಾ ಮಾಡ್ತೀರಲ್ಲ!"

ನಗುತ್ತ, ಮಂಜುಗಡ್ಡೆಗೆಂದು ಗೇಟು ದಾಟಿ, ಕಬ್ಬಿನಹಾಲಿನ ಅಂಗಡಿಯ ಗದ್ದಲದಲ್ಲಿ ಮರೆಯಾದಳು.

೪

ಅಂತ್ಯ ಒಂದು: ಬಸ್ ಹೋಯಿತು. ಕಾಲ ಬದಲಾಗಿದ್ದಕ್ಕೆ ಒಳ್ಳೆಯ ರೂಪಕ.

"ಎಮ್ಮಿ ಸಾಯಿಸಿ ರೂಪಕಾ ಮಾಡ್ತೀರೇನ್ರಿ?" ಅಂದ ಸೋಮಪ್ಪ.

ಅಂತ್ಯ ಎರಡು: ಸೋಮಪ್ಪ ಮೈಕಿಲ್ಲದೆ ಕೂಗುತ್ತಾನೆ. ಇಡೀ ಸ್ಟ್ಯಾಂಡು ಎದ್ದು ನಿಲ್ಲುತ್ತದೆ.

"ಅಲ್ಲಿ ಕಬ್ಬಿನ ಮಶಿನ್ ಹಚ್ಚ್ಯಾರ. ಅಕಿಗೆ ಹೆಂಗ ಕೇಳಸ್ತೈತ್ರಿ?"

"ಹಂಗಾದ್ರ ನೀವ ಹೇಳ್ರಿ" ಎಂದೆ, ಸಿಟ್ಟಿನಿಂದ.

ಅವನು ಚಾದ ಕಪ್ಪು ಕೆಳಗಿಟ್ಟ. "ಮೂರನೇ ಕೂಗಿಗೆ ಎದ್ದ ಬರೂ ಚಟಾ ಹಚ್ಚಿದಾವ ನಾ. ತಪ್ಪು ಅಕೀದಲ್ಲ."

ಮುಂದಿನ ಸಾಲು ಬರೆಯುವಷ್ಟರಲ್ಲಿ ಎದ್ದು ಹೋಗಿದ್ದ.

೫

ಸೋಮಪ್ಪ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಾನೆ. ಕಂಡಕ್ಟರ್ ಕಾಂತೇಶನ ಬಾಯಲ್ಲಿ ಸೀಟಿ.

"ಕಾಕಾ, ಒಳಗ ಬರ್ರಿ, ಇಲ್ಲಾ ಕೆಳಗ ಇಳೀರಿ. ಟೈಮ್ ಆತು."

"ಎರಡೂ ಆಗೂದಿಲ್ಲೋ ತಮ್ಮಾ. ಒಬ್ಬಾಕಿ ಬರಾಕಿ ಅದಾಳ, ಎಮ್ಮಿ ಔಷಧಾ ತಗೊಂಡು."

"ಎಷ್ಟ ಮಿನಿಟ್?"

"ಬರ್ಫ್ ಒಡಿಯೂವಷ್ಟು."

ಕಾಂತೇಶ ಸೀಟಿ ತೆಗೆದು ಒಳಗೆ ತಿರುಗಿದ. "ನಿಂದ್ರೂಣೋ, ಬಿಡೂಣೋ? ಹೇಳ್ರಿ ಮತ್ತ!"

ಕಿಟಕಿ ಪಕ್ಕ ಕೂತ ಓದುಗರೇ, ನಿಮಗೂ ತಡವಾಗಿದೆ, ಗೊತ್ತು. ನನ್ನ ಮುಖ ನೋಡಬೇಡಿ, ನಾನು ಪೆನ್ನು ಜೇಬಿಗೆ ಹಾಕಿದೆ. ಅವನು ಕೇಳುತ್ತಿರುವುದು ನಿಮ್ಮನ್ನು.