ಮೈಮುನಾಳ ದಾರಿ

ಬೆಟ್ಟದಲ್ಲಿ ಯಾರು ಮೊದಲು ಜಾರಿ ಬೀಳುತ್ತಾರೋ ಆ ದಾರಿಗೆ ಅವರ ಹೆಸರು. ಮಸ್ಕತ್ತಿನ ಶುಕ್ರವಾರದ ಗುಂಪಿನವರು ತಮಗೆ ತಾವೇ ಮಾಡಿಕೊಂಡ ಕಾನೂನು ಇದು. ನಕಾಶೆಯಲ್ಲಿಲ್ಲದ, ಫಲಕವಿಲ್ಲದ, ಬಂಡೆಯ ಮೇಲೆ ಬಣ್ಣದ ಗುರುತೂ ಇಲ್ಲದ ದಾರಿಗಳನ್ನು ಹುಡುಕಿ ಹತ್ತುವುದು ಅವರ ಹುಚ್ಚು. ವಾರವಿಡೀ ಆಫೀಸಿನ ಕುರ್ಚಿ ಬೆಚ್ಚಗೆ ಮಾಡಿದವರು ಶುಕ್ರವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು, ಪುಳಿಯೋಗರೆ ಕಟ್ಟಿಕೊಂಡು ಹೊರಡುತ್ತಿದ್ದರು. ಹೀಗೆ ಹಜರ್ ಬೆಟ್ಟಗಳಲ್ಲಿ ಫಿಲಿಪ್ ಕೊರಕಲು ಅಂತ ಒಂದಾಯಿತು, ನೀರಜಾ ಮೆಟ್ಟಿಲು ಅಂತ ಇನ್ನೊಂದಾಯಿತು. ಅಲ್ಲೇ ಹುಟ್ಟಿ ಆಡು ಕಾಯುವ ಜನಕ್ಕೆ ಈ ಹೆಸರುಗಳ ಸುದ್ದಿಯೇ ಇರಲಿಲ್ಲ. ಆ ಜನ ಇಟ್ಟ ಹೆಸರುಗಳು ಗುಂಪಿನವರಿಗೂ ಗೊತ್ತಿರಲಿಲ್ಲ, ಒಂದನ್ನು ಬಿಟ್ಟು. ಮೈಮುನಾಳ ದಾರಿ.

ಅದರ ಬೆನ್ನು ಹತ್ತಿದವರು ಗೋಪಾಲಕೃಷ್ಣ. ಮೈಸೂರಿನ ಕಡೆಯವರು, ಅಲ್ ಖುವೈರಿನ ಒಂದು ಎಣ್ಣೆ ಕಂಪನಿಯಲ್ಲಿ ಎಂಜಿನಿಯರು, ಗುಂಪಿನ ಹಿರಿಯ. ರುಸ್ತಾಕ್ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ವಾದಿ, ಮಳೆ ಬಂದ ದಿನ ಮಾತ್ರ ಹರಿಯುವ ಒಣ ಹೊಳೆ. ಅದರ ತುದಿಗೆ ನಾಲ್ಕೇ ಮನೆಯ ಊರು. ಊರಿನ ಬೆನ್ನಿಗೆ ಗೋಡೆಯಂತೆ ನಿಂತ ಬೆಟ್ಟ. ಆ ಗೋಡೆಯ ಮೇಲೆ ಜನ ಬಿಟ್ಟುಹೋದ ಹಳೆಯ ಊರೊಂದಿದೆ, ಅಲ್ಲಿಗೆ ಮೈಮುನಾ ಎಂಬ ಹೆಂಗಸಿನ ಹೆಸರಿನ ದಾರಿಯಿದೆ ಅಂತ ಯಾವನೋ ಕುರಿಗಾಹಿ ಅವರ ಕಿವಿಗೆ ಹಾಕಿದ್ದ. ಹಾಕಿದವನು ಹೋದ. ಇವರು ವರ್ಷಗಟ್ಟಲೆ ಆ ಗೋಡೆಯ ಬುಡದಲ್ಲಿ ತಲೆಯೆತ್ತಿಕೊಂಡು ನಿಂತರು. ಎಡದಿಂದ ನೋಡಿದರು, ಬಲದಿಂದ ನೋಡಿದರು, ಉಪಗ್ರಹದ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಊರಿಗೆ ವಾಪಸ್ ಹೋಗೋದ್ರೊಳಗೆ ಇದೊಂದು ಹತ್ತಿಬಿಡ್ಬೇಕು ಕಣ್ರೀ, ಆಮೇಲೆ ಮಂಡಿ ಮುರಿದ್ರೂ ಚಿಂತೆಯಿಲ್ಲ," ಎನ್ನುತ್ತಿದ್ದರು.

ಅವರನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ವ್ಯಾನು ಲಕ್ಷಿತನದು. ಅವನದೆಂದರೆ ಕಂಪನಿಯದು, ಸ್ಟಿಯರಿಂಗ್ ಮಾತ್ರ ಅವನದು. ಮೂಡಬಿದಿರೆಯ ಕಡೆಯ ತುಳು ಮಾತಿನ ಹುಡುಗ. ಒಂಬತ್ತನೆಯ ಕ್ಲಾಸಿನಲ್ಲಿ ಹೆಡ್ಮಾಸ್ತರ ಬಾಯಿಂದ ಕೇಳಬಾರದ್ದನ್ನು ಕೇಳಿ, ಹೇಳಬಾರದ್ದನ್ನು ಹೇಳಿ, ಚೀಲ ಬೆಂಚಿನ ಮೇಲೆಯೇ ಬಿಟ್ಟು ಹೊರಗೆ ಬಂದವನು. ಹಮ್ರಿಯಾದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಗುರುವ ಮಾಮ ವೀಸಾ ಮಾಡಿಸಿ ಕರೆಸಿಕೊಂಡಿದ್ದ. "ನಿನ್ನ ಕೋಪ ಉಂಟಲ್ಲ, ಅದನ್ನು ಏರ್‌ಪೋರ್ಟಲ್ಲೇ ಬಿಟ್ಟು ಬಾ ಮಾರಾಯ," ಅಂದಿದ್ದ ಮಾಮ. ಲಕ್ಷಿತ ಬಿಟ್ಟಿರಲಿಲ್ಲ.

ಗುಂಪಿನ ಜೊತೆ ಅವನೂ ಹತ್ತುತ್ತಿದ್ದ. ಯಾರೂ ಕರೆದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಒಂದು ಶುಕ್ರವಾರ ಹೊಸ ದಾರಿಯೊಂದರಲ್ಲಿ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಲಕ್ಷಿತ ಮಗುಚಿಬಿದ್ದ. ಅಂಗೈಯ ಚರ್ಮ ಕಿತ್ತುಹೋಯಿತು. ಆದರೆ ಒಳಗೊಳಗೇ ಖುಷಿ. ಎದ್ದು ನಿಂತು, ಪ್ಯಾಂಟು ಕೊಡವಿಕೊಂಡು, "ಲಕ್ಷಿತನ ದಾರಿ!" ಅಂತ ಕೂಗಿಯೇಬಿಟ್ಟ.

ಮುಂದೆ ಹೋಗುತ್ತಿದ್ದ ಫಿಲಿಪ್ ತಿರುಗಿ, "ಡ್ರೈವರ್ ಬಿದ್ದದ್ದು ಕೌಂಟ್ ಇಲ್ಲ ಮಾರ್ರೆ, ಅವನಿಗೆ ಇದು ಡ್ಯೂಟಿ!" ಎಂದ. ತಮಾಷೆಗೇ ಎಂದದ್ದು. ಎಲ್ಲರೂ ನಕ್ಕರು, ಗೋಪಾಲಕೃಷ್ಣರೂ ನಕ್ಕರು. ಸ್ವಲ್ಪ ಮೇಲೆ ಅವರ ಹೆಂಡತಿ ನೀರಜಾ ಮೆಲ್ಲಗೆ ಕುಂಡೆಯೂರಿ ಕುಳಿತಂತೆ ಜಾರಿದರು. ಚಪ್ಪಾಳೆ ಬಿತ್ತು. ನೀರಜಾ ಮೆಟ್ಟಿಲು ಹುಟ್ಟಿದ್ದು ಹಾಗೆ.

ಅಲ್ಲಿಂದ ಲಕ್ಷಿತ ಬೆಟ್ಟ ಹತ್ತುವುದನ್ನು ಬಿಟ್ಟ. ವ್ಯಾನಿನ ನೆರಳಿನಲ್ಲಿ ಕೂತು ಹಲ್ಲು ಕಡಿಯುವುದೇ ಕೆಲಸವಾಯಿತು.

ಹಾಗೆ ಕೂತಿದ್ದಾಗಲೇ ಆ ನಾಲ್ಕು ಮನೆಯ ಊರಿನಲ್ಲಿ, ಕೊನೆಯ ಮನೆಯ ಬಾಗಿಲಿನಿಂದ ಒಬ್ಬ ಮುದುಕಿ "ತಫದ್ದಲ್" ಎಂದು ಕರೆದದ್ದು. ಬಾ, ಕೂತುಕೋ ಎಂದರ್ಥ. ಈ ಮುದುಕಿ ಗುಂಪನ್ನೂ ಪ್ರತಿ ಸಲ ಹೀಗೆಯೇ ಕರೆಯುತ್ತಿದ್ದಳು. ಗೋಪಾಲಕೃಷ್ಣ ಟೋಪಿ ತೆಗೆದು, ಎದೆಯ ಮೇಲೆ ಕೈಯಿಟ್ಟು, "ಬೇಡಮ್ಮಾ, ಈಗಷ್ಟೇ ಆಯ್ತು" ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಅದು ಅವರ ಕಡೆಯ ಮರ್ಯಾದೆ. ಮೊದಲ ಸಲ ಬೇಡವೆನ್ನಬೇಕು, ಎರಡನೆಯ ಸಲ ಈಗಷ್ಟೇ ಆಯ್ತೆನ್ನಬೇಕು, ಬಲವಂತ ಮಾಡಿದರೆ ಅರ್ಧ ಲೋಟಕ್ಕೆ ಕೂರಬೇಕು. ಆದರೆ ಈ ಮುದುಕಿ ಒಂದೇ ಸಲ ಕರೆಯುವವಳು. ಬೇಡವೆಂದರೆ ಅವಳ ಪಾಲಿಗೆ ಬೇಡವೇ.

ಲಕ್ಷಿತನಿಗೆ ಆ ಮರ್ಯಾದೆಯ ಗೊಡವೆ ಇರಲಿಲ್ಲ. ಹಸಿವಾಗಿತ್ತು, ಹೋಗಿ ಕೂತ. ಖರ್ಜೂರ ತಿಂದ, ಏಲಕ್ಕಿ ಹಾಕಿದ ಕಹಿ ಕಾಫಿ ಕುಡಿದ. ಕಪ್ಪು ಅಲ್ಲಾಡಿಸಿದರೆ ಸಾಕೆಂದರ್ಥ, ಸುಮ್ಮನೆ ಚಾಚಿದರೆ ಅವಳು ಸುರಿಯುತ್ತಲೇ ಇರುತ್ತಾಳೆ ಎಂಬುದನ್ನು ಕಲಿತ. ಅವನ ಹರಕು ಅರಬಿಗೂ ಅವಳ ಬೆಟ್ಟದ ಅರಬಿಗೂ ಹೇಗೋ ಹೊಂದಿಕೆಯಾಯಿತು. ಹೆಸರು ಕೇಳಿದ.

"ಮೈಮುನಾ. ನನ್ನ ಅಜ್ಜಿಯದೂ ಅದೇ ಹೆಸರು."

ಲಕ್ಷಿತ ಖರ್ಜೂರದ ಬೀಜ ಉಗುಳುವುದನ್ನೇ ಮರೆತ.

ಅಜ್ಜಿ ಮೇಲಿನ ಊರಿನವಳಂತೆ. ಮದುವೆಯಾಗಿ ಕೆಳಗೆ ಬಂದಳು. ತವರಿಗೆ ಹೋಗಬೇಕೆಂದರೆ ಬೆಟ್ಟ ಸುತ್ತಿಕೊಂಡು ಹೋಗಬೇಕು, ಗಂಡ ಕಳಿಸುವವನಲ್ಲ. ಅವನು ಒಂಟೆ ಹೊಡೆದುಕೊಂಡು ಬಂದರಿಗೆ ಹೋದಾಗಲೆಲ್ಲ ಅವಳು ಮನೆಯ ಹಿಂದಿನ ಬಂಡೆಯ ಸೀಳಿನಲ್ಲಿ ಒಂದೊಂದೇ ಕಲ್ಲು ಸಿಕ್ಕಿಸುತ್ತ ಮೆಟ್ಟಿಲು ಮಾಡಿಕೊಂಡಳು. ದಾರಿ ಶುರುವಾಗುವುದೇ ಈ ಮನೆಯ ಆಡಿನ ಕೊಟ್ಟಿಗೆಯೊಳಗೆ. ಹೊರಗಿನಿಂದ ನೋಡಿದವರಿಗೆ ಕೊಟ್ಟಿಗೆಯ ಗೋಡೆ ಕಾಣುತ್ತದೆ, ಅಷ್ಟೇ. ಅನ್ಯರ ಮನೆಯ ಕೊಟ್ಟಿಗೆಗೆ ಯಾವ ಮರ್ಯಾದಸ್ಥ ಇಣುಕುತ್ತಾನೆ?

"ಆ ಟೋಪಿಯವನು ಇದನ್ನೇ ಹುಡುಕುತ್ತಾನೆ ಅಲ್ಲವಾ?" ಎಂದಳು ಮೈಮುನಾ. "ಪಾಪ, ಬಿಸಿಲಲ್ಲಿ ಅಲೆಯುತ್ತಾನೆ. ನನ್ನ ಕಾಫಿ ಕುಡಿಯದವನನ್ನು ನನ್ನ ಕೊಟ್ಟಿಗೆಯೊಳಗೆ ಹೇಗೆ ಬಿಡಲಿ? ನೀನು ಒಂದು ದಿನ ಅವನನ್ನು ಕೂರಿಸು. ನಾನೇ ತೋರಿಸುತ್ತೇನೆ."

ಅವತ್ತೇ ಲಕ್ಷಿತ ಮೇಲಿನವರೆಗೂ ಹತ್ತಿ ಬಂದ. ಪಾಳು ಮನೆಗಳು, ಒಣಗಿದ ದಾಳಿಂಬೆ ಗಿಡಗಳು, ಕೆಳಗೆ ಬೆಂಕಿಪೊಟ್ಟಣದಂತೆ ಅವನ ವ್ಯಾನು. ಗುಂಪು ಬರಿಗೈಯಲ್ಲಿ, ಮುಖ ಕೆಂಪಗೆ ಮಾಡಿಕೊಂಡು ವಾಪಸು ಬಂದಾಗ ಅವನು ಸೀಟಿನಲ್ಲಿ ಕೂತು ಸಿಳ್ಳೆ ಹಾಕುತ್ತಿದ್ದ.

"ಇವತ್ತೂ ಸಿಗ್ಲಿಲ್ಲ ಕಣೋ," ಎಂದರು ಗೋಪಾಲಕೃಷ್ಣ.

"ಹೌದಾ ಸರ್? ದಾರಿಯೇ ಇಲ್ಲವೋ ಏನೋ," ಎಂದ ಲಕ್ಷಿತ. ಹುಡುಕಲಿ, ಡ್ಯೂಟಿ ಇಲ್ಲದವರು ಹುಡುಕಲಿ ಎಂದುಕೊಂಡ. ಹೇಳುವ ದಿನ ಹೇಳಿದರಾಯಿತು, ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವಂತೆ ಹೇಳಿದರಾಯಿತು ಎಂಬುದು ಅವನ ಲೆಕ್ಕಾಚಾರ.

ಆ ದಿನ ಬರುವ ಮೊದಲೇ ಎಣ್ಣೆಯ ಬೆಲೆ ಬಿತ್ತು. ಎರಡು ಸಾವಿರದ ಹದಿನೈದು ದಾಟುವಷ್ಟರಲ್ಲಿ ಅಲ್ ಖುವೈರಿನ ಆಫೀಸುಗಳಲ್ಲಿ ಮಹಡಿಗೆ ಮಹಡಿಯೇ ದೀಪ ಆರಿಸಿಕೊಂಡಿತು. ಮೊದಲು ಫಿಲಿಪ್‌ಗೆ ಖಲಾಸ್ ಎಂದರು. ಅವನು ಸೋಫಾ ಮಾರಿ, ಕಾರು ಮಾರಿ, ನಾಯಿಯನ್ನು ಯಾರಿಗೋ ಕೊಟ್ಟು ಹೋದ. ಪ್ರತಿ ಶುಕ್ರವಾರ ವ್ಯಾನಿನಲ್ಲಿ ಒಂದೊಂದು ಸೀಟು ಖಾಲಿಯಾಗುತ್ತ ಬಂತು. ಮದೀನತ್ ಸುಲ್ತಾನ್ ಖಾಬೂಸಿನ ಮನೆ ಖಾಲಿ ಮಾಡಿ ನೀರಜಾ ಮಗಳನ್ನು ಕರೆದುಕೊಂಡು ಮೊದಲೇ ಹೊರಟರು. ಆಮೇಲೆ ಗೋಪಾಲಕೃಷ್ಣರ ವೀಸಾ ರದ್ದಾಯಿತು. ಇಷ್ಟು ವರ್ಷ ಕೊಳವೆ ಎಳೆಸಿಕೊಂಡ ಕಂಪನಿ ಅವರಿಗೆ ಒಂದು ಕೇಕು ಕತ್ತರಿಸಿ ಕೈ ತೊಳೆದುಕೊಂಡಿತು. ಕೊನೆಯ ಶುಕ್ರವಾರ ವ್ಯಾನಿನಲ್ಲಿ ಅವರೊಬ್ಬರೇ.

ಅಂದು ಹೇಳಬೇಕೆಂದೇ ಲಕ್ಷಿತ ಹೊರಟಿದ್ದ. ಇದು ನಿಜ. ದಾರಿಯುದ್ದಕ್ಕೂ ಮಾತನ್ನು ಬಾಯಲ್ಲಿ ಹೊರಳಿಸುತ್ತಲೇ ಇದ್ದ. ಸರ್, ಇವತ್ತು ಆ ಅಜ್ಜಿಯ ಹತ್ತಿರ ಕೂತು ಕಾಫಿ ಕುಡಿಯುವ. ಅಷ್ಟೇ ಸಾಕಿತ್ತು.

ವಾದಿಯ ಬಾಯಲ್ಲಿ ಗೋಪಾಲಕೃಷ್ಣರ ಫೋನು ಬಡಿದುಕೊಂಡಿತು. ಊರಿನಿಂದ ಫಿಲಿಪ್. "ಹೂಂ ಕಣಯ್ಯಾ, ಕೊನೇ ಟ್ರೈ... ಯಾರಿದಾರೆ? ಯಾರೂ ಇಲ್ಲ, ಒಬ್ಬನೇ ಬಂದಿದೀನಿ."

ಒಬ್ಬನೇ. ಸ್ಟಿಯರಿಂಗ್ ಹಿಡಿದವನು ಹಾಗಾದರೆ ಯಾರು, ವ್ಯಾನಿನ ಬಿಡಿಭಾಗವೇ? ಲಕ್ಷಿತ ಬಾಯಲ್ಲಿದ್ದ ಮಾತನ್ನು ನುಂಗಿದ.

ಮನೆಯ ಮುಂದೆ ಮೈಮುನಾ ಬಾಗಿಲಲ್ಲಿದ್ದಳು. "ತಫದ್ದಲ್." ಗೋಪಾಲಕೃಷ್ಣ ಟೋಪಿ ತೆಗೆದರು, ಎದೆಗೆ ಕೈಯಿಟ್ಟರು. ಅವಳು ಲಕ್ಷಿತನನ್ನು ನೋಡಿದಳು. ಕೂರಿಸು ಎಂಬಂತೆ ಗಲ್ಲ ಎತ್ತಿದಳು. ಲಕ್ಷಿತ ಟಯರಿನ ಕಡೆ ಬಗ್ಗಿ ಗಾಳಿ ನೋಡುವವನಂತೆ ಅದನ್ನು ಒದ್ದ. ಗೋಪಾಲಕೃಷ್ಣ ಮುಂದೆ ನಡೆದರು.

ಇಡೀ ದಿನ ಅವನು ಕೆಳಗಿನಿಂದ ನೋಡಿದ. ಅವರು ಗೋಡೆಯ ಎಡಗಡೆ ಹತ್ತಿದರು, ಇಳಿದರು. ಬಲಗಡೆ ಹತ್ತಿದರು, ಇಳಿದರು. ಒಮ್ಮೆ ಕೊಟ್ಟಿಗೆಯ ಹೊರಗೋಡೆಗೇ ಬೆನ್ನು ಕೊಟ್ಟು ಕೂತು ನೀರು ಕುಡಿದರು. ಒಳಗೆ ಒಂದು ಕೈ ಅಳತೆಯಲ್ಲಿ ಮೊದಲ ಮೆಟ್ಟಿಲಿತ್ತು. ಈಗ ಹೇಳು, ಈಗ ಹೇಳು ಎಂದು ಮನಸ್ಸು ಒದೆಯುತ್ತಿತ್ತು. ಇನ್ನೊಂದು ಸ್ವಲ್ಪ ಒದ್ದಾಡಲಿ, ಆಮೇಲೆ ಎಂದು ಅದೇ ಮನಸ್ಸು ಹಿಡಿದೆಳೆಯುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮೇಲಿನಿಂದ ಕಲ್ಲು ಉರುಳಿದ ಸದ್ದು. ಗೋಪಾಲಕೃಷ್ಣ ಜಾರಿ ಬಂದು ಮುಳ್ಳುಗಿಡದಲ್ಲಿ ಸಿಕ್ಕಿಕೊಂಡಿದ್ದರು. ಲಕ್ಷಿತ ಓಡಿಹೋಗಿ ಎಬ್ಬಿಸಿದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವರು ನಗುತ್ತಿದ್ದರು.

"ಬಿದ್ದಾಯ್ತು ನೋಡಪ್ಪಾ! ಹೆಸರಿಡೋಣ ಅಂದ್ರೆ ದಾರಿಯೇ ಇಲ್ವಲ್ಲೋ."

ವಾಪಸು ಬರುವಾಗ ಲಕ್ಷಿತನಿಗೆ ತಡೆಯಲಾಗಲಿಲ್ಲ. ದಾರಿಯ ಮಾತು ಬರುವ ಬದಲು ಹಳೆಯ ಮಾತು ಹೊರಬಿತ್ತು. "ನಾನು ಬಿದ್ದಾಗ ನೀವು ಕೌಂಟ್ ಮಾಡ್ಲಿಲ್ಲ ಸರ್. ಡ್ರೈವರ್ ಅಂತ ನಕ್ಕಿದ್ರಿ, ಎಲ್ಲ ಸೇರಿ."

ಗೋಪಾಲಕೃಷ್ಣ ಮೊಣಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ನೀನು ಬಿದ್ದಿದ್ಯಾ? ಯಾವಾಗಪ್ಪಾ?" ಮುಖದಲ್ಲಿ ನಾಟಕವಿರಲಿಲ್ಲ. ನಿಜಕ್ಕೂ ನೆನಪಿರಲಿಲ್ಲ. "ಪೆಟ್ಟಾಗಿತ್ತೇನೋ?"

ಲಕ್ಷಿತ ಗೇರು ಬದಲಿಸಿದ. ಯಾವ ಸಿಟ್ಟನ್ನು ಇಷ್ಟು ದಿನ ಅನ್ನ ಹಾಕಿ ಸಾಕಿದನೋ ಅದರ ಸುದ್ದಿಯೇ ಆ ಮನುಷ್ಯನಿಗೆ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಕೊನೆಯ ಪ್ರಶ್ನೆ. ಅವತ್ತು ಯಾರಾದರೂ ಅದನ್ನು ಕೇಳಿದ್ದರೆ ಸಾಕಿತ್ತು. ಕೇಳದೆ ಇದ್ದದ್ದು ಅವರ ತಪ್ಪೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇವತ್ತು ಬಿಸಿಲಿನಲ್ಲಿ ಸುಮ್ಮನೆ ನೋಡುತ್ತ ನಿಂತದ್ದು ಯಾರ ತಪ್ಪು? ಈಗ ದಾರಿಯಿದೆ ಎಂದರೆ ಇಡೀ ದಿನ ನೋಡುತ್ತ ನಿಂತೆ ಎಂದಂತೆ. ವ್ಯಾನು ತಿರುಗಿಸಲು ಇನ್ನೂ ಬೆಳಕಿತ್ತು. ಅವನು ತಿರುಗಿಸಲಿಲ್ಲ.

ವಿಮಾನ ನಿಲ್ದಾಣಕ್ಕೂ ಅವನೇ ಬಿಟ್ಟುಬಂದದ್ದು. ಸೂಟ್‌ಕೇಸ್ ಇಳಿಸಿದಾಗ ಗೋಪಾಲಕೃಷ್ಣ ಟೋಪಿ ತೆಗೆದು ಅವನ ತಲೆಯ ಮೇಲಿಟ್ಟರು. "ನೀನಿನ್ನೂ ಇಲ್ಲೇ ಇರ್ತೀಯಲ್ಲ. ಆ ದಾರಿ ಎಲ್ಲಾದ್ರೂ ಸಿಕ್ಕಿದ್ರೆ ಒಂದು ಫೋನ್ ಮಾಡು. ಹತ್ತೋಕಾಗದಿದ್ರೂ ಕೇಳಿಯಾದ್ರೂ ಖುಷಿಪಡ್ತೀನಿ. ಊರಿನ ನಂಬರ್ ಆಮೇಲೆ ಕಳಿಸ್ತೀನಿ."

"ಆಯ್ತು ಸರ್," ಎಂದ ಲಕ್ಷಿತ. ಹಿಂದೆ ನಿಂತ ಟ್ಯಾಕ್ಸಿಯವನು ಹಾರ್ನ್ ಹಾಕುತ್ತ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದ. ಆಯ್ತು ಎನ್ನುವ ಹೊತ್ತಿಗೆ ಉಂಟು ಎನ್ನಬಹುದಿತ್ತು. ಅದೂ ಒಂದೇ ಮಾತು.

ಮರುವಾರ ಅವನು ಒಬ್ಬನೇ ಆ ಊರಿಗೆ ಹೋದ. ಟೋಪಿ ಹಾಕಿಕೊಂಡೇ ಹೋದ. ದೂರದಿಂದ ನೋಡಿದ ಮೈಮುನಾ ಎದ್ದು ನಿಂತಳು, ಹತ್ತಿರ ಬಂದ ಮೇಲೆ ಮತ್ತೆ ಕೂತಳು.

"ಟೋಪಿ ಬಂತು, ಟೋಪಿಯವನೆಲ್ಲಿ?"

"ಊರಿಗೆ ಹೋದರು. ಇನ್ನು ಬರುವುದಿಲ್ಲ."

"ಹೇಳಿದೆಯಾ ಅವನಿಗೆ?"

ಸುಳ್ಳು ಹೇಳಬಹುದಿತ್ತು. ಅವರಿಗೇ ಬೇಡವಾಗಿತ್ತು ಎಂದರೆ ಅವಳು ನಂಬುತ್ತಿದ್ದಳು, ಅವರ ಬಾಯಿಂದ ಅವಳ ಕಿವಿಗೆ ಬೀಳುತ್ತ ಬಂದದ್ದೂ ಬೇಡ ಎಂಬುದೇ. ಆದರೆ ಇನ್ನೊಂದು ಮಾತು ನುಂಗಲು ಅವನಿಂದ ಆಗಲಿಲ್ಲ. "ಇಲ್ಲ. ಸಿಟ್ಟಿತ್ತು ಅವರ ಮೇಲೆ. ಬಚ್ಚಿಟ್ಟೆ."

ಮೈಮುನಾ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ದಾರಿ ನನ್ನ ಅಜ್ಜಿಯದು. ಸಿಟ್ಟು ನಿನ್ನದು. ಅವಳ ದಾರಿಗೆ ನಿನ್ನ ಸಿಟ್ಟಿನ ಬೀಗ ಹಾಕಲು ನಿನಗೆ ಹೇಳಿದ್ದು ಯಾರು? ಅವಳನ್ನು ತಡೆದವನೂ ಹೀಗೇ ಸಿಟ್ಟಿನವನು."

ಕಾಫಿ ಕೊಟ್ಟಳು. ಬಂದವರಿಗೆ ಕೊಡದೆ ಕಳಿಸುವವಳಲ್ಲ. ಖರ್ಜೂರವನ್ನೂ ಮುಂದಿಟ್ಟಳು. ಆದರೆ ಕೊಟ್ಟಿಗೆಯ ಬಾಗಿಲಿಗೆ ಕಟ್ಟಿದ್ದ ಹಗ್ಗ ಬಿಚ್ಚಲಿಲ್ಲ, ಲಕ್ಷಿತನಿಗೂ ಬಿಚ್ಚು ಎನ್ನಲು ಬಾಯಿ ಬರಲಿಲ್ಲ. ಕಪ್ಪು ಅಲ್ಲಾಡಿಸಿ ಕೊಟ್ಟು ಎದ್ದ.

ವಾದಿಯ ಬಾಯಲ್ಲಿ, ಸಿಗ್ನಲ್ ಸಿಗುವಲ್ಲಿ, ವ್ಯಾನು ನಿಲ್ಲಿಸಿದ. ಊರಿನ ನಂಬರು ಬಂದಿರಲಿಲ್ಲ. ಅವರ ಹಳೆಯ ಮಸ್ಕತ್ತಿನ ನಂಬರಿಗೇ ಒತ್ತಿದ. ಈ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಒಬ್ಬ ಹೆಂಗಸು ಮೊದಲು ಅರಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. ಎರಡನ್ನೂ ಪೂರ್ತಿ ಕೇಳಿದ.

"ಸರ್, ದಾರಿ ಉಂಟು," ಎಂದ. "ಅಜ್ಜಿಯ ಕೊಟ್ಟಿಗೆಯಲ್ಲೇ ಉಂಟು. ನನಗೆ ಗೊತ್ತಿತ್ತು."

ಆ ಹೆಂಗಸು ಮತ್ತೆ ಅರಬಿಯಿಂದ ಶುರುಮಾಡಿದಳು.