ಒಂಬತ್ತು ಪದದ ವಚನ

ಮುದ್ರಣಾಲಯದ ಮಾಲೀಕರ ಪ್ರಕಾರ ದೇವರು ದಿನಕ್ಕೆ ಒಂಬತ್ತು ಪದಕ್ಕಿಂತ ಹೆಚ್ಚು ಮಾತಾಡಕೂಡದು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಉಳಿಯುತ್ತಿದ್ದ ಜಾಗವೇ ಅಷ್ಟು. ಕರಡು ತಿದ್ದುವವಳು ವರ್ಷಕ್ಕೊಮ್ಮೆ ಬೈಬಲನ್ನು ಮುಂದಿಟ್ಟುಕೊಂಡು ಮುನ್ನೂರ ಅರವತ್ತೈದು ವಚನ ಆರಿಸುತ್ತಿದ್ದಳು. ‘ಆದರೆ’ ಬಂದಲ್ಲಿ ಅದಕ್ಕೆ ಮುಂಚೆಯೇ ನಿಲ್ಲುವುದು, ‘ಒಂದು ವೇಳೆ’ ಇದ್ದಲ್ಲಿ ಅದನ್ನು ದಾಟಿ ಶುರು ಮಾಡುವುದು. ಹದಿನಾಲ್ಕು ವರ್ಷದಲ್ಲಿ ಕೈ ಚೆನ್ನಾಗಿ ಪಳಗಿತ್ತು.

ಅವಳ ಗಂಡ ಎತ್ತರದ ನೀರಿನ ಟ್ಯಾಂಕುಗಳಿಗೆ ಬಣ್ಣ ಬಳಿಯುವವನು. ಹೋದ ವರ್ಷ ಕಾಲು ಜಾರಿ ಸೊಂಟದ ಬೆಲ್ಟಿನಲ್ಲಿ ಅರ್ಧ ಗಂಟೆ ನೇತಾಡಿದ್ದ. ಆಮೇಲೆ ಸ್ಟೂಲು ಹತ್ತುವುದಕ್ಕೂ ಬೆವರುತ್ತಿದ್ದ. ಅವನಿಗೊಂದಿಷ್ಟು ಧೈರ್ಯ ಬರಲೆಂದು ಅವನ ಹುಟ್ಟುಹಬ್ಬದ ಹಾಳೆಗೆ ಅವಳೇ ಹುಡುಕಿ ಹಾಕಿದ್ದಳು: ‘ನಿನ್ನ ಕಾಲು ಕಲ್ಲಿಗೆ ತಗುಲದ ಹಾಗೆ ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು.’

ಧೈರ್ಯ ಬಂತು. ಕೇಳಿದ್ದಕ್ಕಿಂತ ತುಸು ಜಾಸ್ತಿಯೇ ಬಂತು. ಹಾಳೆಯನ್ನು ಹೆಲ್ಮೆಟ್ಟಿನೊಳಗೆ ಅಂಟಿಸಿಕೊಂಡ. ಮೂರನೆಯ ದಿನಕ್ಕೆ ಬೆಲ್ಟು ಬಿಟ್ಟ.

“ಬೆಲ್ಟ್ ಹಾಕ್ಕೊಂಡ್ರೆ ದೂತರ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ವೇನೇ?”

“ದೂತರಿದ್ದಾರೆ ಅಂತ ಬಾಗಿಲಿಗೆ ಚಿಲಕ ಹಾಕದೆ ಮಲಗ್ತೀರಾ?”

“ಅಚ್ಚು ಹಾಕಿಸಿದೋಳು ನೀನು. ಊರಿಗೆಲ್ಲ ಹೇಳಿ ನೀನೇ ನಂಬಲ್ವಾ?”

ಒಂದು ವಾರ ಅವಳು ಫೋನು ಸದ್ದಾದಾಗಲೆಲ್ಲ ಬೆಚ್ಚಿಬಿದ್ದಳು.

ವಾರ ಕಳೆದ ಮರುದಿನ ಬೆಳಿಗ್ಗೆ ಮುದ್ರಣಾಲಯಕ್ಕೆ ನಿವೃತ್ತ ಮೇಷ್ಟರೊಬ್ಬರ ಕಾರ್ಡು ಬಂತು. ‘ದೂತರ ವಚನದ ಜೊತೆ ಅಧ್ಯಾಯದ ಸಂಖ್ಯೆಯನ್ನೂ ಹಾಕಿದ್ದೀರಿ, ಸಂತೋಷ. ಅಲ್ಲಿ ಆ ಮಾತನ್ನು ಆಡುತ್ತಿರುವವರು ಯಾರೆಂದು ನೋಡಿದ್ದೀರಾ?’

ನೋಡಿರಲಿಲ್ಲ. ಈಗ ನೋಡಿದಳು. ಮಾತು ಮೂಲದಲ್ಲಿ ಬೈಬಲಿನ ಹಳೆಯ ಕೀರ್ತನೆಯೊಂದರದೇ, ಸರಿ. ಆದರೆ ಅವಳು ಕತ್ತರಿಸಿಕೊಂಡದ್ದು ಯೇಸುವಿನ ಕಥೆಯಿರುವ ಸುವಾರ್ತೆಯಿಂದ. ಅಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಹತ್ತಿಸಿ, ಕೆಳಕ್ಕೆ ಧುಮುಕು ಎಂದು ಪುಸಲಾಯಿಸುತ್ತ ಅದೇ ಕೀರ್ತನೆಯನ್ನು ಒಪ್ಪಿಸುತ್ತಿದ್ದ. ‘ಧುಮುಕು’ ಎಂಬುದು ಒಂಬತ್ತು ಪದದೊಳಗೆ ಹಿಡಿಸಿರಲಿಲ್ಲ.

ಅವಳು ಬೈಬಲಿನ ಆ ಹಾಳೆಯನ್ನು ಪರ್ರನೆ ಹರಿದು, ‘ಸೈತಾನ’ನ ಕೆಳಗೆ ಕೆಂಪು ಗೆರೆ ಎಳೆದು, ಬಸ್ಸು ಹಿಡಿದಳು.

ಗಂಡ ಆಗಲೇ ಟ್ಯಾಂಕಿನ ನೆತ್ತಿಯ ಅಂಚಿನಲ್ಲಿದ್ದ. ಕೆಳಗಿನಿಂದ ಗೇಣುದ್ದ ಕಾಣುತ್ತಿದ್ದ. ಬೆಲ್ಟು ಶೆಡ್ಡಿನ ಮೊಳೆಗೆ ನೇತುಬಿದ್ದಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಕೈ ಅಡ್ಡ ಹಿಡಿದ.

“ಕೂಗಬೇಡಮ್ಮ! ಮೇಲಿರೋನನ್ನ ಕೆಳಗಿಂದ ಕೂಗಬಾರದು. ಬೆಚ್ಚಿದ ಅಂದ್ರೆ ಮುಗೀತು. ಏನಿದ್ರೂ ಬಕೆಟ್ಟಲ್ಲಿ ಕಳಿಸ್ಬೇಕು.”

“ಬೆಲ್ಟ್ ಇಲ್ಲದೆ ಹತ್ತಿಸಿದ್ದೀರಲ್ಲ, ನಿಮಗೆ ಬುದ್ಧಿ ಬೇಡ್ವಾ?”

“ನಾನೂ ಹೇಳ್ದೆ. ದೂತರಿದ್ದಾರೆ ಅಂದ. ಕೆಲಸವೂ ಬೇಗ ಸಾಗ್ತಿತ್ತು, ಸುಮ್ಮನಾದೆ.”

ಅವಳು ಬಣ್ಣದ ಬಕೆಟ್ಟಿನ ತಳಕ್ಕೆ ಬೆಲ್ಟು ತುರುಕಿ, ಮೇಲೆ ಹಾಳೆ ಇಟ್ಟಳು. ಮೇಸ್ತ್ರಿ ಹಗ್ಗ ಎಳೆದ. ಬಕೆಟ್ಟು ಗಾಳಿಗೆ ಸುತ್ತುತ್ತ ಸುತ್ತುತ್ತ ಏರಿತು.

ಅವನು ಹಾಳೆಯನ್ನೇ ಮೊದಲು ತೆಗೆದುಕೊಂಡ. ಓದಿದ. ಹಾಳೆ ಕೈಜಾರಿ ಹಾರಿಹೋಯಿತು. ಮರುಕ್ಷಣ ಎರಡೂ ಕೈಯಲ್ಲಿ ಏಣಿಯ ಕಂಬಿಯನ್ನು ತಬ್ಬಿ, ಗೋಡೆಗೆ ಹಲ್ಲಿಯಂತೆ ಅಂಟಿಕೊಂಡ. ಹಳೆಯ ಹೆದರಿಕೆ ಪೂರ್ತಿ ವಾಪಸು ಬಂದಿತ್ತು.

ಸುಳ್ಳಾದರೂ ಅವನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಆ ಒಂಬತ್ತು ಪದ. ಅದನ್ನೂ ಅವಳೇ ಕಿತ್ತುಕೊಂಡಿದ್ದಳು. ಬೆಲ್ಟು ಬಕೆಟ್ಟಿನಲ್ಲಿ, ಮೊಳದ ದೂರದಲ್ಲಿದೆ. ತೆಗೆದುಕೊಳ್ಳಬೇಕಾದರೆ ಒಂದು ಕೈ ಬಿಡಬೇಕು. ಅವನು ಬಿಡುತ್ತಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮೇಲಿನಿಂದ ಸಣ್ಣ ದನಿ ಬಂತು. “ಏನೇ... ಆಮೇಲೆ ಯೇಸು ಹಾರಿದನಾ?”

ಉತ್ತರ ಮುಂದಿನ ಹಾಳೆಯಲ್ಲಿತ್ತು. ಅವಳು ಹರಿದು ತಂದದ್ದು ಸೈತಾನನ ಮಾತಿಗೇ ಮುಗಿದಿತ್ತು. ಅವಳು ಮೇಸ್ತ್ರಿಯ ಮುಖ ನೋಡಿದಳು. ‘ಮೆಲ್ಲಗೆ’ ಎಂದು ಅವನು ಕೈಸನ್ನೆ ಮಾಡಿದ.

“ಇಲ್ಲಾರೀ. ದೇವರನ್ನ ಪರೀಕ್ಷೆ ಮಾಡಬಾರದು ಅಂದುಬಿಟ್ಟ.”

“ಮತ್ತೆ ಹೇಗೆ ಇಳಿದ?”

ಅದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲವೆಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಆ ಗ್ರಂಥದಿಂದ ಕತ್ತರಿಸಿದವಳು ಮೊದಲ ಬಾರಿಗೆ ಅದಕ್ಕೆ ಸೇರಿಸಿದಳು.

“ಮೆಟ್ಟಿಲು ಹಿಡ್ಕೊಂಡು, ಒಂದೊಂದಾಗಿ. ಆತುರ ಪಡಲಿಲ್ಲ. ಮೊದಲು ಒಂದು ಕೈ ಬಿಟ್ಟ, ಅಷ್ಟೇ.”

ಮೇಲೆ ಏನೂ ಅಲುಗಲಿಲ್ಲ. ಮೇಸ್ತ್ರಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಿಂತಿದ್ದ. ಆಮೇಲೆ ಬಕೆಟ್ಟು ತುಸು ವಾಲಿತು. ಒಂದು ಕೈ ಅದರೊಳಗೆ ತಡಕಾಡಿತು. ಬೆಲ್ಟಿನ ಕೊಕ್ಕೆ ಕಂಬಿಗೆ ಸಿಕ್ಕಿ ಟಣ್ ಎಂದ ಸದ್ದು ಕೆಳಗಿನವರೆಗೂ ಕೇಳಿಸಿತು. ಅವಳು ಬಣ್ಣದ ಡಬ್ಬಗಳ ನಡುವೆ ಕುಸಿದು ಕೂತು, ಅವನ ಕಾಲು ಮೊದಲ ಮೆಟ್ಟಿಲನ್ನು ಹುಡುಕುವುದನ್ನೇ ನೋಡುತ್ತ ಉಳಿದಳು.