ಏಳು ಅಜ್ಜಿಯರ ಜೋಗುಳ ಪಾಠ

ಟೀಚರಮ್ಮನ ಎರಡನೇ ಕ್ಲಾಸಿನಲ್ಲಿ ಮಕ್ಕಳು ಇಪ್ಪತ್ತಾರು, ಮನೆಮಾತು ಏಳು. ಇಪ್ಪತ್ತೈದು ಮಕ್ಕಳು ಹೇಗೋ ಶಾಲೆಯ ಭಾಷೆಯಲ್ಲಿ ಜಗಳವಾಡುವಷ್ಟು ಮುಂದುವರಿದಿದ್ದವು. ಉಳಿದವಳು, ಎಲ್ಲರೂ ರೇಡಿಯೋ ಎಂದು ಕರೆಯುವ ಹುಡುಗಿ. ಬೆಳಿಗ್ಗೆ ಬೆಂಚಿನ ಮೇಲೆ ಕೂತರೆ ಕೊನೆಯ ಬೆಲ್ ಹೊಡೆಯುವವರೆಗೆ ತನ್ನ ಮನೆಮಾತಿನಲ್ಲೇ ಒಂದೇ ಸಮನೆ ಮಾತು. ಉಸಿರು ಯಾವಾಗ ತೆಗೆದುಕೊಳ್ಳುತ್ತಾಳೆಂದು ಕಂಡುಹಿಡಿದವರಿಲ್ಲ. ಶಾಲೆಯಲ್ಲಿ ಅವಳ ಭಾಷೆ ಒಬ್ಬರಿಗೂ ಬಾರದು. ಗೋಡೆಯ ಮೇಲಿನ ಹಲ್ಲಿ ಮಾತ್ರ ತಲೆಯಾಡಿಸುತ್ತಿದ್ದುದನ್ನು ಟೀಚರಮ್ಮ ಕಣ್ಣಾರೆ ನೋಡಿದ್ದರು.

ಗುರುವಾರ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರೆದುರು ರೇಡಿಯೋ ಶಾಲೆಯ ಭಾಷೆಯಲ್ಲಿ ಒಂದೇ ಒಂದು ವಾಕ್ಯ ಆಡದಿದ್ದರೆ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಬೇರೆ ಶಾಲೆಗೆ ಅವಳನ್ನು ಹಾಕುವುದೆಂದು ತೀರ್ಮಾನವಾಗಿತ್ತು. ಟೀಚರಮ್ಮನಿಗೆ ಊಟ ಸೇರಲಿಲ್ಲ.

ಭಾನುವಾರ ಕೂತು ಪಾಠಯೋಜನೆ ಬರೆದರು. ಒಂದೊಂದು ಭಾಷೆಯ ಒಬ್ಬೊಬ್ಬ ಅಜ್ಜಿ ಬಂದು ಜೋಗುಳ ಹಾಡುವುದು. ಮಕ್ಕಳು ಅದರ ಅರ್ಥವನ್ನು ಶಾಲೆಯ ಭಾಷೆಯಲ್ಲಿ ಹೇಳುವುದು. ತನ್ನಜ್ಜಿ ಹಾಡಿದರೆ ರೇಡಿಯೋ ಸುಮ್ಮನಿರುತ್ತಾಳೆಯೇ?

ಗಂಡ ಹಾಳೆಯ ಮೇಲೆ ಕಣ್ಣಾಡಿಸಿದ. “ಮಧ್ಯಾಹ್ನ ಊಟ ಆದ್ಮೇಲೆ ಹಾಕಿದ್ದೀಯಲ್ಲೇ.”

“ಅಜ್ಜಿಯರಿಗೆ ಮನೆಕೆಲಸ ಮುಗಿಯೋದೇ ಆಗ. ಪಾಠಯೋಜನೆ ಬಗ್ಗೆ ನಿಮಗೇನ್ರೀ ಗೊತ್ತು?”

“ಏನೂ ಗೊತ್ತಿಲ್ಲಮ್ಮಾ. ನಾನು ಬರೀ ಹಾಸಿಗೆ ಅಂಗಡಿಯವನು.”

ಗುರುವಾರ ಬಂತು. ಮೊದಲ ಅಜ್ಜಿ ಹಾಡಿದಾಗ ಮುಂದಿನ ಸಾಲು ಆಕಳಿಸಿತು. ಎರಡನೆಯವರ ಹಾಡಿಗೆ ಮಧ್ಯದ ಸಾಲು ಒಬ್ಬರ ಮೇಲೊಬ್ಬರು ಒರಗಿತು. ಮೂರನೆಯವರ ಹಾಡಿಗೆ ಗೋಡೆ ಗಡಿಯಾರ ನಿಂತಿತು. ಸುಳ್ಳೆನ್ನುವವರು ಹೋಗಿ ನೋಡಬಹುದು, ಈಗಲೂ ಎರಡೂಕಾಲು. ನಾಲ್ಕನೆಯ ಹಾಡಿಗೆ ಸಾಹೇಬರು ಪೆನ್ನು ಹಿಡಿದುಕೊಂಡೇ ಎದೆಗೆ ಗದ್ದ ಊರಿದರು. ಹಾಡಿ ಮುಗಿಸಿದ ಅಜ್ಜಿಯರು ಮುಂದಿನ ಅಜ್ಜಿಯ ಹಾಡಿಗೆ ಉರುಳಿದರು. ಏಳನೆಯವರು ರೇಡಿಯೋಳ ಅಜ್ಜಿ. ಉರುಳಿಸಲು ಇನ್ನಾರೂ ಉಳಿದಿರಲಿಲ್ಲವಾದ್ದರಿಂದ, ಪಾಪ, ತಮ್ಮ ಹಾಡಿಗೆ ತಾವೇ ನಿದ್ದೆಹೋದರು.

ಬೋರ್ಡಿಗೆ ಒರಗಿ ನಿಂತಿದ್ದ ಟೀಚರಮ್ಮ ಅರೆಗಣ್ಣಿನಲ್ಲೇ ನೋಡಿದರು. ಅರ್ಥ ಹೇಳುವ ಮಕ್ಕಳಿಲ್ಲ, ಕೇಳುವ ಸಾಹೇಬರಿಲ್ಲ. ಎಲ್ಲ ನೀರಿನಲ್ಲಿ ಹೋಮ. ಎಚ್ಚರವಿದ್ದವಳು ರೇಡಿಯೋ ಒಬ್ಬಳೇ. ಹುಟ್ಟಿದಾಗಿನಿಂದ ಯಾವ ಜೋಗುಳಕ್ಕೂ ಬಗ್ಗದ ಪಿಂಡ. ಅವಳು ಸದ್ದಿಲ್ಲದೆ ಓಡಾಡಿ ಒಬ್ಬೊಬ್ಬರ ತಲೆಯಡಿಗೆ ಬ್ಯಾಗು ಇಡುತ್ತಿದ್ದಳು.

ಆಗ ಹೆಡ್ ಮೇಡಂ ಬಾಗಿಲು ದಬ್ಬಿಕೊಂಡು ಬಂದರು. “ಏನ್ರೀ ಇದು! ಶಾಲೆನೋ ಛತ್ರನೋ?”

ರೇಡಿಯೋ ತಿರುಗಿದಳು. ಸೊಂಟಕ್ಕೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ಶಾಲೆಯ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದಳು:

“ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರ್ತೀಯಾ, ನನ್ನ ಬಂಗಾರ? ಬೇರೆಯವರಿಗೆ ತೊಂದ್ರೆ ಆಗುತ್ತೆ. ಎಷ್ಟು ಸಲ ಹೇಳೋದು ನಿಂಗೆ?”

ಟೀಚರಮ್ಮನ ನಿದ್ದೆ ಹಾರಿಹೋಯಿತು. ನಾಲ್ಕು ತಿಂಗಳಿಂದ ದಿನಕ್ಕೆ ಇಪ್ಪತ್ತು ಸಲ ಅವಳಿಗೆ ತಾವೇ ಹೇಳುತ್ತಿದ್ದ ಮಾತು. ‘ಬಂಗಾರ’ ಎನ್ನುವಾಗಿನ ರಾಗವೂ ತಮ್ಮದೇ.

“ಮೂರು ವಾಕ್ಯ,” ಎಂದರು ಸಾಹೇಬರು, ಕಣ್ಣು ಬಿಡದೆ. “ಹುಡುಗಿ ಇಲ್ಲೇ ಇರ್ಲಿ. ಮೇಡಂ, ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗಿ.”

ಹೆಡ್ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು. ಟೀಚರಮ್ಮ ಹುಡುಗಿಯನ್ನು ಎತ್ತಿಕೊಳ್ಳಲು ಎರಡು ಹೆಜ್ಜೆ ಇಟ್ಟರು. ರೇಡಿಯೋ ತುಟಿಗೆ ಬೆರಳಿಟ್ಟು ಕುರ್ಚಿ ತೋರಿಸಿದಳು.

ಟೀಚರಮ್ಮ ಸುಮ್ಮನೆ ಹೋಗಿ ಕೂತರು.